ಕಡಿಮೆ ಹಣ, ಎರಡು ಬೇಡಿಕೆ: ಯಾವುದು ಮೊದಲು?

ಪ್ರಿಯ ಓದುಗರೇ,

ನೀವು ಸ್ಥಳೀಯ ಆರೋಗ್ಯ ಸಮಿತಿಯ ಸದಸ್ಯರು. ಉಳಿದಿರುವ ಹಣದಲ್ಲಿ ಒಂದೋ ಸ್ಕ್ಯಾನಿಂಗ್ ಯಂತ್ರ ತರಿಸಬಹುದು, ಇಲ್ಲವೇ ಬಿಪಿ, ಶುಗರ್ ಇರುವವರಿಗೆ ತಪ್ಪದೆ ಮಾತ್ರೆ ಕೊಟ್ಟು, ಮನೆಗೇ ಹೋಗಿ ನೋಡಿಕೊಳ್ಳುವ ನರ್ಸ್‌ಗಳನ್ನು ನೇಮಿಸಬಹುದು. "ಜೀವದ ವಿಷಯದಲ್ಲಿ ದುಡ್ಡಿನ ಲೆಕ್ಕ ಹಾಕೋದೇ ತಪ್ಪಲ್ವಾ?" ಎಂದು ಕೇಳಿದ್ದೀರಿ.

ತಪ್ಪಲ್ಲ. ನೀವು ಲೆಕ್ಕ ಹಾಕದಿದ್ದರೂ ಹಣ ಎಲ್ಲಿಗಾದರೂ ಹೋಗಿಯೇ ಹೋಗುತ್ತದೆ. ಜೋರಾಗಿ ಕೇಳಿದವರಿಗೆ ಸಿಗುತ್ತದೆ, ಹೋದ ವರ್ಷ ಸಿಕ್ಕವರಿಗೆ ಮತ್ತೆ ಸಿಗುತ್ತದೆ. ಸಿಗದೆ ಹೋದವರು ಯಾರೆಂದು ಯಾವ ಕಡತದಲ್ಲೂ ಇರುವುದಿಲ್ಲ. ನನ್ನ ಚಿಂತೆ ಅವರದು.

ಯಂತ್ರದ ಮಾತಿಗೆ ಬರೋಣ. ಕೊಳ್ಳುವ ಬೆಲೆ ಬರೀ ಆರಂಭ. ಅದನ್ನು ನಡೆಸಲು ಟೆಕ್ನಿಷಿಯನ್ ಬೇಕು, ಚಿತ್ರ ನೋಡಿ ವರದಿ ಬರೆಯುವ ಡಾಕ್ಟರ್ ಬೇಕು. ವರ್ಷ ವರ್ಷ ನಿರ್ವಹಣೆಯ ಖರ್ಚು ಬೇರೆ. ಇವುಗಳಲ್ಲಿ ಒಂದು ತಪ್ಪಿದರೂ ಯಂತ್ರ ಸುಮ್ನೆ ಕೂರುತ್ತದೆ. ಇದ್ದರೆ ಬಳಸಬೇಕು ಅನ್ನಿಸುವುದೂ ಉಂಟು. ಸಾಮಾನ್ಯ ಬೆನ್ನುನೋವಿಗೆ, ಅಪಾಯದ ಲಕ್ಷಣ ಇಲ್ಲದಿದ್ದರೆ, ಶುರುವಿನಲ್ಲೇ ಸ್ಕ್ಯಾನ್ ಬೇಕಿಲ್ಲ. ಆದರೂ ಮಾಡಿಸುವವರು ಬಹಳ.

ಇನ್ನೊಂದು ಕಡೆ, ಬಿಪಿ ಮಾತ್ರೆ ಎರಡು ತಿಂಗಳು ಬರಲಿಲ್ಲ ಎಂದುಕೊಳ್ಳಿ. ರೋಗಿಗೆ ನೋವಿಲ್ಲ, ಹಾಗಾಗಿ ದೂರೂ ಇಲ್ಲ. ಒಂದು ದಿನ ಲಕ್ವ ಹೊಡೆಯುತ್ತದೆ. ಆಮೇಲೆ ಆಸ್ಪತ್ರೆ, ಹಾಸಿಗೆ, ದುಡಿಮೆ ಬಿಟ್ಟು ನೋಡಿಕೊಳ್ಳುವ ಮನೆಯವರು. ತಪ್ಪಿದ ಲಕ್ವಕ್ಕೆ ಫೋಟೋ ಇಲ್ಲ, ಹೊಸ ಯಂತ್ರಕ್ಕೆ ಉದ್ಘಾಟನೆ ಇದೆ. ಸಮಿತಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಹಾಗಾಗಿ ಯಾವ ಕಾಯಿಲೆ ದೊಡ್ಡದು ಎಂದು ಜಗಳವಾಡಬೇಡಿ. ಇನ್ನಷ್ಟು ಹಣ ಇಲ್ಲಿ ಹಾಕಿದರೆ ಎಷ್ಟು ಜನಕ್ಕೆ, ಎಷ್ಟರ ಮಟ್ಟಿಗೆ ಅನುಕೂಲ ಎಂದು ಕೇಳಿ. ಯಾವುದನ್ನು ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ ಎಂದೂ ಕೇಳಿ. ಮಾಮೂಲಿ ನೆಗಡಿಗೆ ಕೊಡುವ ಆಂಟಿಬಯೋಟಿಕ್‌ನಿಂದಲೇ ಶುರು ಮಾಡಬಹುದು.

ಹಾಗಂತ ಅಂಕಿಗಳ ಕೈಗೆ ಎಲ್ಲವನ್ನೂ ಕೊಡಬೇಡಿ. ಅಮೆರಿಕದ ಆರೆಗನ್ ರಾಜ್ಯ ಬಡವರ ಸರ್ಕಾರಿ ವಿಮೆಗಾಗಿ 1990ರಲ್ಲಿ ಚಿಕಿತ್ಸೆಗಳ ಪಟ್ಟಿ ಮಾಡಿತು. ಖರ್ಚಿಗೆ ತಕ್ಕ ಲಾಭವೇ ಅಳತೆ. ಹಲ್ಲಿಗೆ ಕ್ಯಾಪ್ ಹಾಕುವುದು ಅಪೆಂಡಿಕ್ಸ್ ಆಪರೇಷನ್‌ಗಿಂತ ಮೇಲೆ ಬಂತು! ಹಲ್ಲಿನ ಕೆಲಸ ಅಗ್ಗ, ಅದಕ್ಕೇ. ಜನ ಒಪ್ಪಲಿಲ್ಲ. 1991ರಲ್ಲಿ ಜೀವ ಉಳಿಸುವ ಚಿಕಿತ್ಸೆಗಳನ್ನು ಮೇಲಕ್ಕೆ ತಂದು ಪಟ್ಟಿ ತಿದ್ದಿದರು. ಪಟ್ಟಿ ಎಲ್ಲರ ಮುಂದೆ ಇದ್ದದ್ದರಿಂದಲೇ ತಪ್ಪು ಕಣ್ಣಿಗೆ ಬಿತ್ತು.

ಆರೋಗ್ಯದ ಹಣವನ್ನು ನ್ಯಾಯವಾಗಿ ಹಂಚುವುದರ ಬಗ್ಗೆ ಬರೆದ ತತ್ವಜ್ಞಾನಿ ನಾರ್ಮನ್ ಡೇನಿಯಲ್ಸ್ ಮತ್ತು ಮನೋವೈದ್ಯ ಜೇಮ್ಸ್ ಸೇಬಿನ್ ಹೇಳುವುದೂ ಇದನ್ನೇ: ತೀರ್ಮಾನದ ಕಾರಣ ಎಲ್ಲರಿಗೂ ತಿಳಿಯಬೇಕು, ಆ ಕಾರಣ ನ್ಯಾಯವಾಗಿ ಯೋಚಿಸುವವರು ಒಪ್ಪುವಂಥದ್ದಾಗಿರಬೇಕು, ಮರುಪರಿಶೀಲನೆ ಕೇಳಲು ದಾರಿ ಇರಬೇಕು.

ನನ್ನನ್ನು ಕೇಳಿದರೆ, ನರ್ಸ್‌ಗಳೇ ಮೊದಲು. ಆದರೆ ತುರ್ತು ಸ್ಕ್ಯಾನ್‌ಗೆ ಹೋಗುವ ರೋಗಿಗಳು ದಾರಿಯಲ್ಲೇ ಕಷ್ಟಪಡುವಷ್ಟು ದೂರವಿದ್ದರೆ ನನ್ನ ಮಾತು ಬದಲಾಗುತ್ತದೆ. ಸಭೆಗೆ ಮುಂಚೆ ಮೂರು ಲೆಕ್ಕ ತರಿಸಿಕೊಳ್ಳಿ: ಹೋದ ವರ್ಷ ಸ್ಕ್ಯಾನ್‌ಗೆ ಹೊರಗೆ ಕಳಿಸಿದ್ದು ಎಷ್ಟು ಜನರನ್ನು, ಬಿಪಿ ಮಾತ್ರೆ ಇಲ್ಲದ ದಿನ ಎಷ್ಟು, ಯಂತ್ರದ ಐದು ವರ್ಷದ ಪೂರ್ತಿ ಖರ್ಚು ಎಷ್ಟು. ತೀರ್ಮಾನದ ಜೊತೆ ಕಾರಣವನ್ನೂ ಬರೆದು ಆಸ್ಪತ್ರೆಯ ಬಾಗಿಲಲ್ಲೇ ಅಂಟಿಸಿ.

– ಸಂಪಾದಕ