ಮೀನಿನ ತೊಟ್ಟಿ: ನೀರು ಜಿನುಗುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ತಳಕ್ಕೆ ರಂಧ್ರ ಕೊರೆಸಿ, ಟ್ಯಾಂಕ್ ನಿಪ್ಪಲ್ (ಗಾಜಿಗೆ ಪೈಪ್ ಜೋಡಿಸುವ ಥ್ರೆಡ್ ತುಂಡು) ಹಾಕಿ ಕೆಳಗಿನ ಸಂಪ್‌ಗೆ (ಫಿಲ್ಟರ್, ಪಂಪ್ ಇರುವ ಇನ್ನೊಂದು ತೊಟ್ಟಿಗೆ) ಪೈಪ್ ಇಳಿಸಿದ್ದೇವೆ. ನಿಪ್ಪಲ್ ಬಳಿ ಸದಾ ತೊಟ್ಟಿಕ್ಕುತ್ತದೆ. ನಟ್ ಬಿಗಿ ಮಾಡಿದ್ದಾಯಿತು, ಹೊರಗಿನಿಂದ ಸಿಲಿಕೋನ್ ಬಳಿದದ್ದಾಯಿತು, ಅದರ ಮೇಲೆ ಎಂ-ಸೀಲ್ ಮೆತ್ತಿದ್ದೂ ಆಯಿತು. ನಿಂತಿಲ್ಲ. (ಮೈಸೂರು)

ಉತ್ತರ: ದಯವಿಟ್ಟು ಆ ನಟ್‌ಗೆ ಮತ್ತೆ ಸ್ಪ್ಯಾನರ್ ಹಾಕಬೇಡಿ. ರಂಧ್ರದ ಅಂಚು ಗಾಜಿನ ದುರ್ಬಲ ಜಾಗ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ತಳದ ಗಾಜನ್ನೇ ಬದಲಿಸಬೇಕಾಗುತ್ತದೆ. ಹೊರಗೆ ಮೆತ್ತಿದ್ದು ನಿಲ್ಲದಿರುವುದು ಸಹಜ. ಒದ್ದೆ ಜಾಗಕ್ಕೆ ಸಿಲಿಕೋನ್ ಅಂಟುವುದಿಲ್ಲ, ಅಂಟಿದಷ್ಟನ್ನೂ ಒಳಗಿನ ನೀರು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ.

ಮೊದಲು ಸೋರುವ ಜಾಗ ಖಚಿತವಾಗಲಿ. ನೀರು ಮೇಲೆಲ್ಲೋ ಒಸರಿ, ಪೈಪಿನ ಮೈಗುಂಟ ಇಳಿದು, ಇನ್ನೆಲ್ಲೋ ಹನಿಯಾಗಿ ಬೀಳುತ್ತದೆ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ನಟ್, ಎಲ್ಬೋ, ವಾಲ್ವ್ ಎಲ್ಲಕ್ಕೂ ಬೇರೆ ಬೇರೆ ಟಿಶ್ಯೂ ಕಾಗದ ಸುತ್ತಿ ಅರ್ಧ ಗಂಟೆ ಬಿಡಿ. ಒದ್ದೆಯಾದವುಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಮೂಲ.

ಅದು ನಿಪ್ಪಲ್ಲೇ ಆಗಿದ್ದರೆ ವಾಷರ್ ಯಾವ ಬದಿಗಿದೆ ನೋಡಿ. ರಬ್ಬರ್ ವಾಷರ್ ನಿಪ್ಪಲಿನ ಅಗಲ ತಲೆಗೂ ಗಾಜಿಗೂ ನಡುವೆ, ಅಂದರೆ ನೀರಿರುವ ಬದಿಯಲ್ಲಿ ಕೂರಬೇಕು. ನಟ್ ಬದಿಗೆ ಹಾಕಿದರೆ ನೀರು ರಂಧ್ರದೊಳಗಿಳಿದು ಥ್ರೆಡ್ಡಿನ ಸಂದಿಯಲ್ಲಿ ಹೊರಬರುತ್ತದೆ. ಸಾಲದ್ದಕ್ಕೆ, ನಟ್ ತಿರುಗಿದಂತೆ ಆ ವಾಷರ್ ಸುರುಟಿಕೊಳ್ಳುತ್ತದೆ.

ತೊಟ್ಟಿಯ ನೀರನ್ನೇ ಟಬ್ಬಿಗೆ ತುಂಬಿಸಿ ಮೀನುಗಳನ್ನು ಬಿಡಿ, ಏರ್ ಪಂಪ್ ಹಚ್ಚಿ. ಫಿಲ್ಟರಿನ ಸ್ಪಂಜನ್ನೂ ಅದರಲ್ಲೇ ಮುಳುಗಿಸಿಡಿ. ಒಣಗಿದರೆ ಅಮೋನಿಯಾ ತೆಗೆಯುವ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿ ಖಾಲಿ ಮಾಡಿ ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆಯಿರಿ. ಚಪ್ಪಟೆಯಾದ ವಾಷರ್ ಬಿಸಾಡಿ ಹೊಸದು ಹಾಕಿ. ಕೆಳಗೆ ಒಂದು ಮರಳ ಕಣವೂ ಉಳಿಯಬಾರದು. ಒಬ್ಬರು ಒಳಗಿನ ತಲೆಯನ್ನು ಅಲುಗದಂತೆ ಹಿಡಿಯಲಿ, ಇನ್ನೊಬ್ಬರು ನಟ್ಟನ್ನು ಕೈಯಿಂದಲೇ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಮಾತ್ರ ತಿರುಗಿಸಲಿ. ಪೈಪಿನ ಭಾರ ನಿಪ್ಪಲಿಗೆ ಜೋತು ಬೀಳದಂತೆ ಸ್ಟ್ಯಾಂಡಿಗೆ ಕ್ಲಾಂಪ್ ಹೊಡೆಯಿರಿ. ಭಾರ ಒಂದು ಕಡೆ ಎಳೆಯುತ್ತಿದ್ದರೆ ಹೊಸ ವಾಷರೂ ಒಂದು ಬದಿಯಲ್ಲಿ ಬಾಯಿ ಬಿಡುತ್ತದೆ.

ಪ್ರಶ್ನೆ: ಪಿವಿಸಿ ಜಾಯಿಂಟ್ ಸೋರುತ್ತಿದೆ. ಮೇಲಿನಿಂದ ಸೊಲ್ಯೂಷನ್ ಹಚ್ಚಿದರೆ ಸಾಕೆ? (ಹುಬ್ಬಳ್ಳಿ)

ಉತ್ತರ: ಸಾಲದು. ಸೊಲ್ಯೂಷನ್ ಅಂಟಲ್ಲ, ಪೈಪು ಮತ್ತು ಫಿಟ್ಟಿಂಗ್ ಎರಡರ ಮೇಲ್ಮೈಯನ್ನೂ ಕರಗಿಸಿ ಒಂದಾಗಿಸುತ್ತದೆ. ಅದು ಒಳಗೆ, ಒಣಗಿದ ಜಾಗದಲ್ಲಿ ಆಗಬೇಕಾದ ಕೆಲಸ. ಜಾಯಿಂಟ್ ಕತ್ತರಿಸಿ ತೆಗೆದು ಹೊಸ ಫಿಟ್ಟಿಂಗ್ ಹಾಕಿ. ಹೇಗೂ ಕತ್ತರಿಸುತ್ತೀರಿ, ಅಲ್ಲೊಂದು ಯೂನಿಯನ್ ಕೂರಿಸಿದರೆ ಮುಂದೆ ಬಿಚ್ಚಲು ಸುಲಭ. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಎರಡಕ್ಕೂ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಕೊನೆಯವರೆಗೆ ತಳ್ಳಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಬಿಟ್ಟರೆ ಪೈಪು ತಾನೇ ಹಿಂದೆ ಸರಿಯುತ್ತದೆ. ಯುಪಿವಿಸಿಗೂ ಸಿಪಿವಿಸಿಗೂ ಸೊಲ್ಯೂಷನ್ ಬೇರೆ ಬೇರೆ. 24 ಗಂಟೆ ಬಿಟ್ಟು ನೀರು ಹರಿಸಿ, ಮೊದಲ ನೀರನ್ನು ಚೆಲ್ಲಿಬಿಡಿ.

ಟೆಫ್ಲಾನ್ ಟೇಪ್ ಥ್ರೆಡ್ ಇರುವ ಕಡೆಗೆ ಮಾತ್ರ. ಬಿಗಿಯಾಗುವ ದಿಕ್ಕಿನಲ್ಲೇ ಮೂರು ನಾಲ್ಕು ಸುತ್ತು ಸಾಕು. ದಪ್ಪಗೆ ಸುತ್ತಿ ಸ್ಪ್ಯಾನರ್ ಹಾಕಿದರೆ ಹೊರಗಿನ ಪ್ಲಾಸ್ಟಿಕ್ ಥ್ರೆಡ್ ಸೀಳುತ್ತದೆ. ಆ ಸೀಳು ಕೆಲವೊಮ್ಮೆ ಎಷ್ಟೋ ದಿನದ ಮೇಲೆ ಕಾಣುತ್ತದೆ.

ಪ್ರಶ್ನೆ: ಇಡೀ ದಿನ ಒಂದು ಹನಿ ಸೋರುವುದಿಲ್ಲ. ಕರೆಂಟು ಹೋದಾಗ ಮಾತ್ರ ನೆಲವೆಲ್ಲ ನೀರು! (ದಾವಣಗೆರೆ)

ಉತ್ತರ: ಸೋರುತ್ತಿಲ್ಲ, ಸಂಪ್ ಉಕ್ಕುತ್ತಿದೆ. ಪಂಪ್ ನಿಂತ ಕೂಡಲೇ ನೀರು ಮೇಲೇರಿಸುವ ಪೈಪೇ ಸೈಫನ್ ಆಗಿ, ಅದರ ಬಾಯಿ ಬಯಲಾಗುವ ತನಕ ತೊಟ್ಟಿಯ ನೀರನ್ನು ಕೆಳಗೆ ಎಳೆಯುತ್ತದೆ. ಲೆಕ್ಕ ಹಾಕಿ: 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 5.4 ಲೀಟರ್. ಪೈಪಿನ ಬಾಯಿ 5 ಸೆಂ.ಮೀ. ಆಳದಲ್ಲಿದ್ದರೆ 27 ಲೀಟರ್ ಇಳಿಯುತ್ತದೆ. 90 ಸೆಂ.ಮೀ. ಉದ್ದ, 38 ಸೆಂ.ಮೀ. ಅಗಲದ ಸಂಪಿನಲ್ಲಿ ಅದಕ್ಕೇ ಸುಮಾರು 8 ಸೆಂ.ಮೀ. ಜಾಗ ಬೇಕು, ಪೈಪುಗಳಲ್ಲಿ ಉಳಿದ ನೀರು ಬೇರೆ.

ಪೈಪಿನ ಬಾಯನ್ನು ನೀರಿನ ಮಟ್ಟಕ್ಕೆ ಹತ್ತಿರ ತನ್ನಿ. ಜೊತೆಗೆ ಮಟ್ಟಕ್ಕಿಂತ ಒಂದು ಸೆಂ.ಮೀ. ಕೆಳಗೆ ಪೈಪಿಗೆ 5 ಮಿ.ಮೀ. ತೂತು ಕೊರೆಯಿರಿ. ನೀರು ಅಲ್ಲಿಗಿಳಿದಾಗ ಗಾಳಿ ಒಳಹೊಕ್ಕು ಸೈಫನ್ ಮುರಿಯುತ್ತದೆ. ಪಾಚಿ ಆ ತೂತನ್ನು ಮುಚ್ಚುತ್ತದೆ, ವಾರಕ್ಕೊಮ್ಮೆ ಕಡ್ಡಿಯಾಡಿಸಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ. ಕಸ ಸಿಕ್ಕಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ಈಗಲೇ ಪಂಪ್ ಆರಿಸಿ ಪಕ್ಕದಲ್ಲಿ ನಿಂತು ನೋಡಿ, ಸಂಪ್ ತುಂಬಿ ತುಳುಕುವ ಮೊದಲು ಮತ್ತೆ ಹಚ್ಚಿ. ಉಕ್ಕದ ಮಟ್ಟ ಸಿಕ್ಕಿದ ಮೇಲೆ ಪಂಪ್ ಓಡುತ್ತಿರುವಾಗ ಸಂಪಿನ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆದು, ಅದರ ಮೇಲೆ ಎಂದೂ ನೀರು ತುಂಬಬೇಡಿ.

ಪ್ರಶ್ನೆ: ಕ್ಯಾನಿಸ್ಟರ್ ಫಿಲ್ಟರಿನ ಓ-ರಿಂಗ್‌ಗೆ ವ್ಯಾಸಲಿನ್ ಹಚ್ಚಬಹುದೆ? (ಉಡುಪಿ)

ಉತ್ತರ: ಬೇಡ. ಪೆಟ್ರೋಲಿಯಂ ಜೆಲ್ಲಿಗೆ ಕೆಲವು ಬಗೆಯ ರಬ್ಬರ್ ಊದಿಕೊಂಡು ಸಡಿಲವಾಗುತ್ತದೆ. ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಫಿಲ್ಟರ್ ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ; ಆಗ ವೈರಿನ ಮೇಲೆ ಹರಿದ ನೀರು ಸಾಕೆಟ್ ಮುಟ್ಟದೆ ಆ ತಗ್ಗಿನಲ್ಲೇ ನೆಲಕ್ಕೆ ಬೀಳುತ್ತದೆ.