ಕಾಯಂ ಅಲ್ಲದ ಕೆಲಸಕ್ಕೂ ಹೆರಿಗೆ ರಜೆ ಉಂಟು

ಕಲಬುರಗಿಯ ಬೇಳೆ ಮಿಲ್ಲೊಂದರ ಕಚೇರಿಯಲ್ಲಿ ಒಂದು ವರ್ಷದಿಂದ ಲೆಕ್ಕ ಬರೆಯುತ್ತಿರುವ ನಿಮಗೆ, ಮೊದಲ ಹೆರಿಗೆಯಾದ ಮೇಲೆ, ಕೆಲಸ ಕಾಯಂ ಅಲ್ಲವಾದ್ದರಿಂದ ಮೂರು ತಿಂಗಳಿಗಿಂತ ಹೆಚ್ಚು ರಜೆ ಸಿಗದು ಎಂದು ಮಾಲೀಕರು ಹೇಳಿದ್ದಾರೆಂದು ಬರೆದಿದ್ದೀರಿ. ಆ ಮಾತಿಗೆ ಕಾನೂನಿನ ಆಧಾರವಿಲ್ಲ. ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿದ್ದರೆ, ನೌಕರಿ ಕಾಯಂ ಇರಲಿ, ಗುತ್ತಿಗೆಯದಿರಲಿ, ಮೊದಲ ಎರಡು ಹೆರಿಗೆಗಳಿಗೆ ತಲಾ 26 ವಾರಗಳ ಸಂಬಳಸಹಿತ ರಜೆ ಸಲ್ಲುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಗೆ ಮುಂಚೆ ಅದು 12 ವಾರ ಮಾತ್ರ ಇತ್ತು. ಮಾಲೀಕರು ಹೇಳುವ ಮೂರು ತಿಂಗಳು ಬಹುಶಃ ಆ ಕಾಲದ ಲೆಕ್ಕ.

ಹೆರಿಗೆಗೆ ಮುಂಚೆ ಅರ್ಜಿ ಕೊಡಲಿಲ್ಲವೆಂಬ ಅಳುಕು ಬೇಡ, ನಂತರವೂ ಕೊಡಬಹುದು. ಹಾಜರಿ ಪುಸ್ತಕದ ಪುಟಗಳು, ಸಂಬಳ ಜಮೆಯಾದ ಪಾಸ್‌ಬುಕ್ಕಿನ ನಕಲು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇವನ್ನು ಲಗತ್ತಿಸಿ, ನಿಮ್ಮ ಬಳಿ ಉಳಿಯುವ ಪ್ರತಿಯ ಮೇಲೆ ತಾರೀಖು, ಸಹಿ, ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ನಂಬಿ ಕೂರಬೇಡಿ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮಾ ನಿಗಮದ ವಂತಿಗೆ) ಕಡಿತವಾಗುತ್ತಿದ್ದರೆ ಹಣ ಬರುವುದು ಮಾಲೀಕರಿಂದಲ್ಲ, ಆ ನಿಗಮದಿಂದ, ಮತ್ತು ಅಲ್ಲಿಯ ಷರತ್ತುಗಳು ಬೇರೆ. ರಜೆಯಲ್ಲಿದ್ದಾಗ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರವಾಗಿದ್ದು, ಹಾಗೇನಾದರೂ ಆದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ನಿಮ್ಮ ಪತಿಯ ರಜೆಯ ಬಗ್ಗೆಯೂ ಕೇಳಿದ್ದೀರಿ: ಖಾಸಗಿ ನೌಕರರಿಗೆ ಪಿತೃತ್ವ ರಜೆಯನ್ನು ಕಡ್ಡಾಯಗೊಳಿಸುವ ಕಾನೂನಿಲ್ಲ, ಅವರ ಕಂಪನಿಯ ನಿಯಮ ಏನಿದೆಯೋ ಅಷ್ಟೇ.