ಕಂಪ್ಯೂಟರಿನ ಕೀಲಿಮಣೆಯಲ್ಲಿ ಸ್ವರ ನುಡಿಸುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಂಪ್ಯೂಟರನ್ನೇ ಸಂಗೀತದ ಕೀಬೋರ್ಡಿನಂತೆ ಬಳಸಬಹುದೆಂದು ಕೇಳಿದ್ದೇನೆ. ಬೇರೆ ಯಾವ ಸಾಧನವನ್ನೂ ಕೊಳ್ಳದೆ ಆರಂಭಿಸುವುದು ಹೇಗೆ? ಅಕ್ಷರದ ಕೀಲಿಗಳಲ್ಲಿ ಸ್ವರಗಳು ಎಲ್ಲಿರುತ್ತವೆ?

ಉತ್ತರ: ಖಂಡಿತವಾಗಿ ಬಳಸಬಹುದು. ಈ ಕೆಲಸ ಕಂಪ್ಯೂಟರಿನೊಳಗೆ ಎರಡು ಭಾಗಗಳಾಗಿ ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ. ಯಾವ ಕೀಲಿಯನ್ನು ಯಾವಾಗ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂದು ತಿಳಿಸುವುದು ಒಂದು ಭಾಗವಾದರೆ, ಆ ಸಂದೇಶದಂತೆ ದನಿ ಹೊರಡಿಸುವುದು ಇನ್ನೊಂದು ಭಾಗ. ಇವೆರಡರ ನಡುವೆ ಸಾಮಾನ್ಯವಾಗಿ ಬಳಕೆಯಾಗುವುದು 1983ರಲ್ಲಿ ರೂಪುಗೊಂಡ ಮಿಡಿ ಎಂಬ ಸಂಕೇತ ಪದ್ಧತಿ. ಅದರಲ್ಲಿ ಪ್ರತಿ ಸ್ವರಸ್ಥಾನಕ್ಕೂ 0ಯಿಂದ 127ರ ವರೆಗಿನ ಒಂದು ಸಂಖ್ಯೆ ಇರುತ್ತದೆ. ಪಿಯಾನೋದ ನಡುವಿನ ಸಿ ಸ್ವರಕ್ಕೆ 60, ಅದರ ಮೇಲಿರುವ 440 ಹರ್ಟ್ಸ್‌ನ ಎ ಸ್ವರಕ್ಕೆ 69. ಸಂದೇಶದಲ್ಲಿ ಇಂಥ ಅಂಕಿಗಳಿರುತ್ತವೆಯೇ ಹೊರತು ದನಿ ಇರುವುದಿಲ್ಲ. ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್ ಮೂರರಲ್ಲೂ ಉಚಿತವಾಗಿ ದೊರೆಯುವ ವಿಎಂಪಿಕೆ ಎಂಬ ಮುಕ್ತ ತಂತ್ರಾಂಶವು ಮೂಲತಃ ಸಂದೇಶ ಹೊರಡಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಅದನ್ನು ತೆರೆದು ಕೀಲಿ ಒತ್ತಿದಾಗ ಏನೂ ಕೇಳಿಸದಿದ್ದರೆ ಕಂಪ್ಯೂಟರ್ ಕೆಟ್ಟಿದೆ ಎಂದು ಭಾವಿಸಬೇಡಿ. ಸಂದೇಶ ಯಾವ ದನಿಯಂತ್ರಕ್ಕೆ ಹೋಗಬೇಕೆಂಬುದನ್ನು ಅದರ ಮಿಡಿ ಸಂಪರ್ಕದ ಪಟ್ಟಿಯಲ್ಲಿ ಆರಿಸಿ. ಮ್ಯಾಕ್ ಇರುವವರು ಗ್ಯಾರೇಜ್‌ಬ್ಯಾಂಡಿನ ಮ್ಯೂಸಿಕಲ್ ಟೈಪಿಂಗ್ ಕಿಟಕಿಯಲ್ಲಿ ಈ ಹೊಂದಾಣಿಕೆಯ ಗೊಡವೆಯಿಲ್ಲದೆ ನೇರವಾಗಿ ನುಡಿಸಬಹುದು.

ಇನ್ನು ಸ್ವರಗಳ ಜಾಗ. ಹೆಚ್ಚು ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ನಡುವಿನ ಸಾಲಿನ ಎ, ಎಸ್, ಡಿ, ಎಫ್, ಜಿ, ಎಚ್, ಜೆ, ಕೆ ಕೀಲಿಗಳು ಬಿಳಿ ಮನೆಗಳಾಗುತ್ತವೆ. ಮೇಲಿನ ಸಾಲಿನ ಡಬ್ಲ್ಯೂ, ಇ, ಟಿ, ವೈ, ಯು ಕಪ್ಪು ಮನೆಗಳಾಗುತ್ತವೆ. ಎ ಕೀಲಿಯನ್ನು ಷಡ್ಜವೆಂದುಕೊಂಡರೆ ಎಂಟು ಬಿಳಿ ಮನೆಗಳಲ್ಲಿ ಶಂಕರಾಭರಣದ ಆರೋಹಣ ಸಿಗುತ್ತದೆ. ರಿಷಭಕ್ಕೆ ಎಸ್ ಬದಲು ಡಬ್ಲ್ಯೂ, ಧೈವತಕ್ಕೆ ಎಚ್ ಬದಲು ವೈ ಒತ್ತಿದರೆ ಅದೇ ಸಾಲು ಮಾಯಾಮಾಳವಗೌಳವಾಗುತ್ತದೆ. ಮೇಲಿನ ಸಾಲಿನಲ್ಲಿ ಆರ್ ಕೀಲಿ ಮೌನವಾಗಿರುವುದು ದೋಷವಲ್ಲ; ಅಂತರ ಗಾಂಧಾರಕ್ಕೂ ಶುದ್ಧ ಮಧ್ಯಮಕ್ಕೂ ನಡುವೆ ಬೇರೆ ಸ್ವರಸ್ಥಾನವಿಲ್ಲ, ಆದ್ದರಿಂದ ಅಲ್ಲಿ ಕಪ್ಪು ಮನೆಯೂ ಇಲ್ಲ. ಝಡ್ ಮತ್ತು ಎಕ್ಸ್ ಕೀಲಿಗಳಿಂದ ಒಂದೊಂದು ಸ್ಥಾಯಿ ಕೆಳಕ್ಕೂ ಮೇಲಕ್ಕೂ ಹೋಗಬಹುದು. ಎಫ್‌ಎಲ್ ಸ್ಟುಡಿಯೋದಂಥ ತಂತ್ರಾಂಶಗಳಲ್ಲಿ ಕ್ರಮ ಬೇರೆ: ಝಡ್‌ನಿಂದ ಆರಂಭವಾಗುವ ಸಾಲು ಒಂದು ಸ್ಥಾಯಿ, ಕ್ಯೂನಿಂದ ಆರಂಭವಾಗುವ ಸಾಲು ಅದರ ಮೇಲಿನ ಸ್ಥಾಯಿ. ಎರಡು ಸ್ಥಾಯಿಗಳಲ್ಲಿ ಹರಿದಾಡುವ ಕೃತಿಯನ್ನು ನುಡಿಸುವವರಿಗೆ ಈ ಎರಡನೆಯ ಕ್ರಮವೇ ಅನುಕೂಲವೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಕೀಲಿ ಒತ್ತಿದ ಮೇಲೆ ದನಿ ತುಸು ತಡವಾಗಿ ಬರುತ್ತದೆ. ತಾಳಕ್ಕೆ ನುಡಿಸಲು ಆಗುತ್ತಲೇ ಇಲ್ಲ. ನನ್ನ ಕಂಪ್ಯೂಟರ್ ಹಳೆಯದಾದ್ದರಿಂದ ಹೀಗೆಯೇ?

ಉತ್ತರ: ನನಗೆ ಬರುವ ಪತ್ರಗಳಲ್ಲಿ ಇದೇ ದೂರು ಹೆಚ್ಚು. ಈ ಒಂದು ಕಾರಣಕ್ಕೆ ಅಭ್ಯಾಸವನ್ನೇ ಕೈಬಿಡುವವರನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಪರಿಹಾರವಿದೆ. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಕಳಿಸುವುದಿಲ್ಲ. ಬಫರ್ ಎಂಬ ತಾತ್ಕಾಲಿಕ ಸಂಗ್ರಹ ತುಂಬಿದ ಮೇಲೆ ಒಟ್ಟಾಗಿ ಸ್ಪೀಕರಿನತ್ತ ದಾಟಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳಂತೆ (ಮಾದರಿ ಎಂದರೆ ಒಂದು ಕ್ಷಣದ ದನಿಯ ಅಳತೆ) ದನಿ ಸಿದ್ಧವಾಗುವಾಗ ಬಫರಿನ ಗಾತ್ರ 1,024 ಮಾದರಿಗಳಾಗಿದ್ದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡವಾಗುತ್ತದೆ. ಗಾತ್ರವನ್ನು 256ಕ್ಕೆ ಇಳಿಸಿದರೆ ತಡ 6 ಮಿಲಿಸೆಕೆಂಡಿಗೂ, 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗೂ ಸಮೀಪವಾಗುತ್ತದೆ. ಇದರ ಜೊತೆಗೆ ಕೀಲಿಮಣೆ, ಚಾಲಕ ತಂತ್ರಾಂಶ ಮತ್ತು ಧ್ವನಿ ಚಿಪ್ಪುಗಳ ಪಾಲೂ ಸೇರುತ್ತದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುವುದರಿಂದ, ಮೂರೂವರೆ ಮೀಟರ್ ದೂರದ ಸ್ಪೀಕರಿನ ದನಿಯೂ ನಮ್ಮನ್ನು ಮುಟ್ಟಲು 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆದ್ದರಿಂದ ಒಟ್ಟು ತಡ ಅಷ್ಟರೊಳಗಿದ್ದರೆ ಹೆಚ್ಚಿನವರಿಗೆ ನುಡಿಸಲು ತೊಡಕಾಗದು.

ಮೊದಲು ಬ್ಲೂಟೂತ್ ಹೆಡ್‌ಫೋನ್ ತೆಗೆದಿಟ್ಟು ತಂತಿಯ ಹೆಡ್‌ಫೋನ್ ಜೋಡಿಸಿ. ಬ್ಲೂಟೂತ್ ಮೂಲಕ ಬರುವ ದನಿ 100 ಮಿಲಿಸೆಕೆಂಡಿಗೂ ಮೀರಿ ತಡವಾಗುವುದು ಸಾಮಾನ್ಯ; ಹಾಡು ಕೇಳುವಾಗ ಗೊತ್ತಾಗದ ಈ ತಡ ನುಡಿಸುವಾಗ ಬೆರಳಿಗೂ ಕಿವಿಗೂ ಹೊಂದಾಣಿಕೆ ತಪ್ಪಿಸುತ್ತದೆ. ಎರಡನೆಯದಾಗಿ, ವಿಂಡೋಸ್‌ನೊಂದಿಗೇ ಬರುವ ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಎಂಬ ದನಿಯಂತ್ರ ಎದ್ದು ತೋರುವಷ್ಟು ತಡವಾಗಿ ನುಡಿಯುತ್ತದೆ. ಅದರ ಬದಲು ಫ್ಲೂಯಿಡ್‌ಸಿಂತ್‌ನಂಥ ಉಚಿತ ದನಿಯಂತ್ರವನ್ನೂ ವಾದ್ಯಗಳ ದನಿಯನ್ನು ಒಳಗೊಂಡ ಒಳ್ಳೆಯ ಸೌಂಡ್‌ಫಾಂಟ್ ಕಡತವನ್ನೂ ಬಳಸಿದರೆ ದನಿಯ ಗುಣವೂ ಉತ್ತಮಗೊಳ್ಳುತ್ತದೆ. ಸಂಗೀತ ತಂತ್ರಾಂಶ ಬಳಸುವವರು ದನಿಯನ್ನು ಕಡಿಮೆ ತಡದಲ್ಲಿ ದಾಟಿಸಲೆಂದೇ ಇರುವ ಎಎಸ್‌ಐಒ ಚಾಲಕವನ್ನು ವಿಂಡೋಸ್‌ನಲ್ಲೂ ಜಾಕ್ ವ್ಯವಸ್ಥೆಯನ್ನು ಲಿನಕ್ಸ್‌ನಲ್ಲೂ ಆರಿಸಿಕೊಳ್ಳಲಿ. ಬಫರಿನ ಗಾತ್ರವನ್ನು ಒಂದೊಂದೇ ಹಂತವಾಗಿ ಇಳಿಸುತ್ತ ಹೋಗಿ, ದನಿಯಲ್ಲಿ ಚಟಪಟ ಸದ್ದು ಕೇಳಿಸಿದ ಕೂಡಲೇ ಹಿಂದಿನ ಹಂತಕ್ಕೆ ಮರಳಿ. ಯಂತ್ರ ಹಳೆಯದಾಗಿದ್ದರೆ ಆ ಹಂತ ಬೇಗ ಬರುತ್ತದೆ, ಅಷ್ಟೇ.

ಪ್ರಶ್ನೆ: ಎರಡು ಸ್ವರ ಒಟ್ಟಿಗೆ ನುಡಿಯುತ್ತವೆ, ಮೂರನೆಯದು ಕೆಲವೊಮ್ಮೆ ನುಡಿಯುವುದೇ ಇಲ್ಲ. ಇದು ತಂತ್ರಾಂಶದ ದೋಷವೇ?

ಉತ್ತರ: ಅಲ್ಲ, ಇದು ಕೀಲಿಮಣೆಯ ರಚನೆಯಿಂದ ಬರುವ ಮಿತಿ. ಸಾಮಾನ್ಯ ಕೀಲಿಮಣೆಯಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಅಡ್ಡಸಾಲು ಮತ್ತು ಕಂಬಸಾಲುಗಳ ಜಾಲವಿದ್ದು, ಅವು ಕೂಡುವಲ್ಲೆಲ್ಲ ಒಂದೊಂದು ಕೀಲಿ ಇರುತ್ತದೆ. ಜಾಲದಲ್ಲಿ ಒಂದು ಚೌಕದ ಮೂರು ಮೂಲೆಗಳಾಗುವಂಥ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ, ಮುಟ್ಟದೇ ಇರುವ ನಾಲ್ಕನೆಯ ಮೂಲೆಯ ಕೀಲಿಯೂ ಒತ್ತಿದಂತೆ ತೋರುತ್ತದೆ. ಈ ತಪ್ಪನ್ನು ತಡೆಯಲೆಂದು ಕೀಲಿಮಣೆಯೇ ಮೂರನೆಯ ಕೀಲಿಯನ್ನು ತಳ್ಳಿಹಾಕುತ್ತದೆ. ಯಾವುದಾದರೂ ಬರೆಯುವ ತಂತ್ರಾಂಶವನ್ನು ತೆರೆದು ಅದೇ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಅಲ್ಲಿಯೂ ಎರಡೇ ಅಕ್ಷರ ಮೂಡಿದರೆ ಕಾರಣ ಖಚಿತವಾದಂತೆ. ಷಡ್ಜವನ್ನು ಬೇರೆ ಕೀಲಿಗೆ ಬದಲಿಸಿದರೆ ಅದೇ ಸ್ವರಮೇಳ ಬೇರೆ ಮೂರು ಕೀಲಿಗಳ ಮೇಲೆ ಬೀಳುವುದರಿಂದ ಎಷ್ಟೋ ಬಾರಿ ಸರಿಯಾಗಿ ನುಡಿಯುತ್ತದೆ. ಪ್ರತಿ ಕೀಲಿಗೂ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ಕೀಲಿಮಣೆಗಳಲ್ಲಿ ಈ ತೊಂದರೆ ಬರುವುದಿಲ್ಲ.

ಪ್ರಶ್ನೆ: ನಿನ್ನೆಯವರೆಗೆ ನುಡಿಯುತ್ತಿದ್ದ ಕೀಲಿಗಳು ಇಂದು ಸುಮ್ಮನಿವೆ. ಏನೂ ಬದಲಿಸಿಲ್ಲ.

ಉತ್ತರ: ಕನ್ನಡ ಬರೆಯುವ ವಿನ್ಯಾಸ ಚಾಲೂ ಆಗಿಯೇ ಉಳಿದಿದೆಯೇ ಎಂದು ನೋಡಿ. ಕೆಲವು ತಂತ್ರಾಂಶಗಳು ಕೀಲಿಯ ಜಾಗವನ್ನು ಗಮನಿಸದೆ ಮೂಡುವ ಅಕ್ಷರವನ್ನು ಗಮನಿಸುತ್ತವೆ. ಕನ್ನಡದ ಅಕ್ಷರ ಬಂದರೆ ಅವುಗಳಿಗೆ ಸ್ವರ ಗೊತ್ತಾಗುವುದಿಲ್ಲ. ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿ, ನುಡಿಸುವ ಕಿಟಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ.

ಪ್ರಶ್ನೆ: ಇದರಲ್ಲಿಯೇ ಅಭ್ಯಾಸ ಮಾಡಿ ಪಿಯಾನೋ ಕಲಿಯಬಹುದೇ? ಗಮಕ ನುಡಿಸಬಹುದೇ?

ಉತ್ತರ: ಪಿಯಾನೋದ ಕೈಚಳಕ ಇದರಿಂದ ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಅಕ್ಷರದ ಕೀಲಿಗೆ ಒತ್ತಿದ್ದು, ಬಿಟ್ಟಿದ್ದು ಎಂಬ ಎರಡೇ ಸ್ಥಿತಿಗಳು ಗೊತ್ತು. ಬೆರಳಿನ ಒತ್ತಡವನ್ನು ತಿಳಿಸಲು ಮಿಡಿಯಲ್ಲಿ 127ರ ವರೆಗೆ ಅವಕಾಶವಿದ್ದರೂ, ಇಲ್ಲಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ತಂತ್ರಾಂಶ ಗೊತ್ತುಮಾಡಿದ ಒಂದೇ ಅಂಕಿ ಹೋಗುತ್ತದೆ. ಸ್ವರಜ್ಞಾನ ಬೆಳೆಸಿಕೊಳ್ಳಲು, ಹೊಳೆದ ಧಾಟಿಯನ್ನು ಹಿಡಿದಿಡಲು, ರಾಗಗಳ ಸ್ವರಸ್ಥಾನಗಳನ್ನು ಗುರುತಿಸಲು ಮಾತ್ರ ಇದು ನಿಜಕ್ಕೂ ಉಪಯುಕ್ತ, ಮತ್ತು ಆ ಉಪಯೋಗವನ್ನು ಯಾರೂ ಕಡೆಗಣಿಸಬಾರದು.

ಗಮಕಕ್ಕೆ ಪಿಚ್ ಬೆಂಡ್ ಎಂಬ ಸೌಲಭ್ಯವಿದೆ. ಅದು ಸ್ವರವನ್ನು 16,384 ಸೂಕ್ಷ್ಮ ಹೆಜ್ಜೆಗಳಲ್ಲಿ ಜಾರಿಸಬಲ್ಲದು. ಆದರೆ ಪರದೆಯ ಮೇಲಿನ ಪಟ್ಟಿಯನ್ನು ಮೌಸ್‌ನಿಂದ ಎಳೆದು ಕಂಪಿತವನ್ನು, ಅಂದರೆ ಸ್ವರವನ್ನು ತೂಗುವ ಗಮಕವನ್ನು, ತರುವುದು ಬಹಳ ಕಷ್ಟ. ಇನ್ನೊಂದು ಮಾತನ್ನೂ ಗಮನಿಸಬೇಕು. ಇಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಅಂತರ ಗಾಂಧಾರವು ಷಡ್ಜದಿಂದ 400 ಸೆಂಟ್ (ಆ ಹನ್ನೆರಡರಲ್ಲಿ ಒಂದು ಭಾಗದ ನೂರನೆಯ ಒಂದು ಪಾಲು ಒಂದು ಸೆಂಟ್) ಮೇಲಿರುತ್ತದೆ. ತಂಬೂರಿಯ ತಂತಿಯಲ್ಲಿ ಸಹಜವಾಗಿ ಹೊಮ್ಮುವ ಗಾಂಧಾರ ಸುಮಾರು 386 ಸೆಂಟ್. ತಂಬೂರಿಯ ಜೊತೆಗೆ ನುಡಿಸಿದಾಗ ಗಾಂಧಾರ ತುಸು ಏರಿದಂತೆ ಕೇಳಿಸಿದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ. ಹಾಡುವಾಗ ಕೀಲಿಯ ಗಾಂಧಾರವನ್ನು ಅನುಸರಿಸದೆ ತಂಬೂರಿಯನ್ನೇ ಅನುಸರಿಸಿ.